ಎಂಎಸ್‌ನಲ್ಲಿ ನಿಧಾನವಾಗುವ ಅರಿವು: ಯಾವ ಪರೀಕ್ಷೆ, ಯಾವ ತರಬೇತಿ, ಯಾವುದು ಮೊದಲು

ನಾಲ್ಕು ಜನ ಕುಳಿತು ಮಾತನಾಡುತ್ತಿರುವಾಗ ಒಬ್ಬರು ಮಾತ್ರ ಮೆಲ್ಲನೆ ಸುಮ್ಮನಾಗುತ್ತ ಹೋಗುತ್ತಾರೆ. ಅವರಿಗೆ ಪ್ರತಿಯೊಂದು ಮಾತೂ ಕೇಳಿಸುತ್ತದೆ, ಅರ್ಥವೂ ಆಗುತ್ತದೆ. ಆದರೆ ತಮ್ಮ ಉತ್ತರವನ್ನು ಹೊಂದಿಸಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಮಾತು ಬೇರೆ ಕಡೆಗೆ ಹೊರಳಿರುತ್ತದೆ. ಎರಡು ಮೂರು ಸಲ ಹೀಗಾದ ಮೇಲೆ ಅವರು ಮಾತಿಗೆ ಸೇರುವ ಪ್ರಯತ್ನವನ್ನೇ ಬಿಡುತ್ತಾರೆ, ಸುತ್ತಲಿನವರು ಅದನ್ನು ಬೇಸರವೆಂದೋ ಅನಾಸಕ್ತಿಯೆಂದೋ ತಿಳಿಯುತ್ತಾರೆ. ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್ ಇರುವವರಲ್ಲಿ ಅರಿವಿನ, ಅಂದರೆ ಗಮನ, ನೆನಪು ಮತ್ತು ಆಲೋಚನೆಯ ತೊಂದರೆ ಅತಿ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಹೀಗೆಯೇ. ಬುದ್ಧಿ ಕುಂದಿರುವುದಿಲ್ಲ, ಭಾಷೆ ಬಹುಮಟ್ಟಿಗೆ ಹಾಗೆಯೇ ಉಳಿದಿರುತ್ತದೆ, ಹಳೆಯ ತಿಳಿವಳಿಕೆ ಕರಗಿರುವುದಿಲ್ಲ. ಮಾಹಿತಿಯನ್ನು ಸ್ವೀಕರಿಸಿ, ಜೋಡಿಸಿ, ಹಿಂದಿರುಗಿಸುವ ವೇಗ ಕಡಿಮೆಯಾಗಿರುತ್ತದೆ.

ಇದರ ಮೂಲ ರೋಗದ ಸ್ವರೂಪದಲ್ಲಿಯೇ ಇದೆ. ದೇಹದ ರೋಗನಿರೋಧಕ ವ್ಯವಸ್ಥೆಯು ಮಿದುಳು ಮತ್ತು ಬೆನ್ನುಹುರಿಯ ನರತಂತುಗಳ ಮೇಲಿರುವ ಮೈಲಿನ್ ಹೊದಿಕೆಯನ್ನು ಹಾಳುಗೆಡವಿದಾಗ ಸಂಕೇತಗಳು ನಿಧಾನವಾಗಿ, ಕೆಲವೊಮ್ಮೆ ತಡೆ ತಡೆದು ಸಾಗುತ್ತವೆ. ಕಾಲಾಂತರದಲ್ಲಿ ನರತಂತುಗಳೇ ನಶಿಸಿ, ಮಿದುಳಿನ ಒಳಭಾಗದ ಥಾಲಮಸ್‌ನಂತಹ ಸಂಪರ್ಕ ಕೇಂದ್ರಗಳು ಕುಗ್ಗುತ್ತವೆ. ಎಂಎಸ್ ಇರುವವರಲ್ಲಿ ಸುಮಾರು ಶೇ. 40ರಿಂದ 65ರಷ್ಟು ಜನರಲ್ಲಿ ಅಳೆಯಬಹುದಾದ ಮಟ್ಟದ ಅರಿವಿನ ತೊಂದರೆ ಕಂಡುಬರುತ್ತದೆ. ನಡಿಗೆ ಪೂರ್ತಿ ಚೆನ್ನಾಗಿರುವವರಲ್ಲಿ, ರೋಗ ಪತ್ತೆಯಾದ ಮೊದಲ ವರ್ಷಗಳಲ್ಲಿಯೂ ಇದು ಇರಬಹುದು. ಫ್ರಾನ್ಸಿನ ನರವೈದ್ಯ ಶಾರ್ಕೊ 19ನೆಯ ಶತಮಾನದಲ್ಲಿಯೇ ತಮ್ಮ ರೋಗಿಗಳ ನೆನಪು ಕುಂದುವುದನ್ನೂ ಆಲೋಚನೆ ನಿಧಾನವಾಗುವುದನ್ನೂ ಗುರುತಿಸಿದ್ದರು. ಆದರೂ ನಂತರ ಬಹುಕಾಲ ಈ ರೋಗದ ತೀವ್ರತೆಯನ್ನು ಮುಖ್ಯವಾಗಿ ಕಾಲುಗಳಿಂದಲೇ ಅಳೆಯಲಾಯಿತು. ಇಂದಿಗೂ ಎಲ್ಲೆಡೆ ಬಳಕೆಯಲ್ಲಿರುವ, 0ಯಿಂದ 10ರವರೆಗಿನ ಇಡಿಎಸ್ಎಸ್ ಮಾಪನದ ಮೇಲಿನ ಅರ್ಧ ಬಹುಮಟ್ಟಿಗೆ ನಡಿಗೆಯನ್ನೇ ಅವಲಂಬಿಸಿದೆ. ಚೆನ್ನಾಗಿ ನಡೆಯುತ್ತಲೇ ಉದ್ಯೋಗ ಕಳೆದುಕೊಳ್ಳುವವರು ಈ ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ.

ಈಗ ಪರೀಕ್ಷೆಗಳೂ ಇವೆ, ತರಬೇತಿಗಳೂ ಇವೆ, ಮೊಬೈಲ್ ಆ್ಯಪ್‌ಗಳೂ ಸಾಕಷ್ಟಿವೆ. ಇವುಗಳ ನಡುವೆ ಆರಿಸಿಕೊಳ್ಳುವವರು ಸಾಮಾನ್ಯವಾಗಿ "ಯಾವುದು ಎಲ್ಲಕ್ಕಿಂತ ಒಳ್ಳೆಯದು" ಎಂದು ಕೇಳುತ್ತಾರೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ದಿನದಲ್ಲಿ ನಿಖರವಾಗಿ ಯಾವ ಕೆಲಸ ಕೈಕೊಡುತ್ತಿದೆ? ಹೆಸರು ಮರೆಯುವುದು, ಎರಡು ಕೆಲಸಗಳನ್ನು ಒಟ್ಟಿಗೆ ಮಾಡಲಾಗದಿರುವುದು, ಮಧ್ಯಾಹ್ನವಾದ ಮೇಲೆ ತಲೆಗೆ ಮಂಜು ಕವಿದಂತಾಗುವುದು ಮತ್ತು ಯಾವುದರಲ್ಲಿಯೂ ಮನಸ್ಸೇ ನಿಲ್ಲದಿರುವುದು ಹೊರನೋಟಕ್ಕೆ ಒಂದೇ ದೂರಿನಂತೆ ಕಂಡರೂ ನಾಲ್ಕು ಬೇರೆ ಬೇರೆ ತೊಂದರೆಗಳು, ಅವುಗಳಿಗೆ ಬೇಕಾದದ್ದೂ ನಾಲ್ಕು ಬೇರೆ ಬೇರೆ ಉಪಾಯಗಳು.

ಆರಿಸುವ ಮೊದಲು ತೆಗೆದುಹಾಕಬೇಕಾದದ್ದು

ಅರಿವನ್ನು ಮಂದಗೊಳಿಸುವ, ಆದರೆ ಮಿದುಳಿನ ಗಾಯಗಳಿಗೆ ನೇರ ಸಂಬಂಧವಿಲ್ಲದ ಕಾರಣಗಳು ಹಲವು. ಖಿನ್ನತೆ ಅವುಗಳಲ್ಲಿ ಮೊದಲನೆಯದು: ಎಂಎಸ್ ಇರುವವರಲ್ಲಿ ಸುಮಾರು ಅರ್ಧದಷ್ಟು ಜನ ಬದುಕಿನ ಒಂದಲ್ಲ ಒಂದು ಘಟ್ಟದಲ್ಲಿ ಗಂಭೀರ ಖಿನ್ನತೆಯನ್ನು ಅನುಭವಿಸುತ್ತಾರೆ, ಮತ್ತು ಖಿನ್ನತೆ ತಾನಾಗಿಯೇ ಗಮನವನ್ನೂ ಆಲೋಚನೆಯ ವೇಗವನ್ನೂ ಕುಗ್ಗಿಸುತ್ತದೆ. ಆಯಾಸವಂತೂ ಬಹುಪಾಲು ಜನರನ್ನು ಕಾಡುವ ಲಕ್ಷಣ. ರಾತ್ರಿ ಮೂತ್ರಕ್ಕೆ ನಾಲ್ಕು ಸಲ ಏಳುವವರ, ಸ್ನಾಯು ಸೆಳೆತದಿಂದ ನಿದ್ದೆಗೆಡುವವರ ಅಥವಾ ನಿದ್ದೆಯಲ್ಲಿ ಉಸಿರು ಕಟ್ಟುವವರ ನೆನಪನ್ನು ಹಗಲಿನಲ್ಲಿ ಪರೀಕ್ಷಿಸಿದರೆ ಅಲ್ಲಿ ಅಳೆಯುವುದು ಅರ್ಧದಷ್ಟು ಅವರ ನಿದ್ದೆಯನ್ನೇ. ಥೈರಾಯ್ಡ್ ಏರುಪೇರು, ಬಿ12 ಕೊರತೆ, ಮೂತ್ರದ ಸೋಂಕು, ಜ್ವರ ಇವುಗಳನ್ನು ಸರಳ ತಪಾಸಣೆಯಿಂದ ಪತ್ತೆ ಮಾಡಬಹುದು.

ಹೆಚ್ಚು ಒತ್ತಿ ಹೇಳಬೇಕಾದದ್ದು ಔಷಧಿಗಳ ವಿಷಯ. ಎಂಎಸ್‌ನ ಲಕ್ಷಣಗಳಿಗೆ ಕೊಡುವ ಮಾತ್ರೆಗಳಲ್ಲಿ ಕೆಲವು ಅರಿವಿನ ಮೇಲೆಯೇ ಭಾರ ಹಾಕುತ್ತವೆ. ಮೂತ್ರದ ಅವಸರಕ್ಕೆ ಕೊಡುವ ಆಕ್ಸಿಬ್ಯುಟಿನಿನ್‌ನಂತಹ ಆ್ಯಂಟಿಕೋಲಿನರ್ಜಿಕ್ ಔಷಧಿಗಳು ನೆನಪನ್ನು ಮಸುಕಾಗಿಸಬಲ್ಲವು. ಸ್ನಾಯು ಬಿಗಿತಕ್ಕೆ ಕೊಡುವ ಬ್ಯಾಕ್ಲೊಫೆನ್, ನೋವಿಗೆ ಕೊಡುವ ಗ್ಯಾಬಪೆಂಟಿನ್, ನಿದ್ದೆಗೆ ಅಥವಾ ಆತಂಕಕ್ಕೆ ಕೊಡುವ ಬೆಂಜೋಡಯಜಪೀನ್ ಗುಂಪಿನ ಮಾತ್ರೆಗಳು ಮಂಪರು ತರುತ್ತವೆ. ಒಂದೊಂದನ್ನೂ ಸಕಾರಣವಾಗಿಯೇ ಕೊಟ್ಟಿರುತ್ತಾರೆ. ತೊಂದರೆ ಏಳುವುದು ಮೂರು ಬೇರೆ ವೈದ್ಯರು ಬರೆದ ಮೂರು ಮಾತ್ರೆಗಳು ಒಬ್ಬರ ದೇಹದಲ್ಲಿ ಒಟ್ಟಿಗೆ ಸೇರಿದಾಗ. ಯಾವುದನ್ನೂ ತಾವಾಗಿಯೇ ಹಠಾತ್ತನೆ ನಿಲ್ಲಿಸಬಾರದು, ಅದರಲ್ಲಿಯೂ ಬ್ಯಾಕ್ಲೊಫೆನ್ ಮತ್ತು ಬೆಂಜೋಡಯಜಪೀನ್‌ಗಳನ್ನು ಒಮ್ಮೆಲೇ ಬಿಡುವುದು ಅಪಾಯಕರ. ಎಲ್ಲ ಮಾತ್ರೆಗಳ ಪಟ್ಟಿಯನ್ನು ಒಂದೇ ಹಾಳೆಯಲ್ಲಿ ಬರೆದು, "ಇವುಗಳಲ್ಲಿ ಯಾವುದು ತಲೆಯನ್ನು ಮಂಕಾಗಿಸುತ್ತದೆ, ಅದಕ್ಕೆ ಬದಲಿ ಇದೆಯೇ" ಎಂದು ವೈದ್ಯರನ್ನು ಕೇಳುವುದು ಯಾವುದೇ ತರಬೇತಿಗೆ ಸೇರುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ.

ಅಳೆಯುವ ದಾರಿಗಳು

ಅತಿ ಚಿಕ್ಕದಾದರೂ ನನಗೆ ಹೆಚ್ಚು ಭರವಸೆಯಿರುವ ಪರೀಕ್ಷೆ ಎಸ್‌ಡಿಎಂಟಿ. ಹಾಳೆಯ ಮೇಲ್ಭಾಗದಲ್ಲಿ ಒಂಬತ್ತು ಚಿಹ್ನೆಗಳು, ಪ್ರತಿ ಚಿಹ್ನೆಯ ಕೆಳಗೆ 1ರಿಂದ 9ರವರೆಗಿನ ಒಂದು ಅಂಕಿ. ಅದರ ಕೆಳಗೆ ಸಾಲು ಸಾಲಾಗಿ ಬರೀ ಚಿಹ್ನೆಗಳು. 90 ಸೆಕೆಂಡುಗಳಲ್ಲಿ ಸಾಧ್ಯವಾದಷ್ಟು ಚಿಹ್ನೆಗಳಿಗೆ ಸರಿಯಾದ ಅಂಕಿಯನ್ನು ಬಾಯಲ್ಲಿ ಹೇಳುತ್ತ ಹೋಗಬೇಕು. ಪಕ್ಕದಲ್ಲಿ ಕುಳಿತು ನೋಡಿದರೆ ಕಣ್ಣುಗಳ ಓಡಾಟವೇ ಎಷ್ಟೋ ಹೇಳುತ್ತದೆ: ಆರಂಭದಲ್ಲಿ ಎಲ್ಲರೂ ಪ್ರತಿ ಚಿಹ್ನೆಗೂ ಮೇಲಿನ ಸಾಲಿಗೆ ಹೋಗಿ ಹಿಂದಿರುಗುತ್ತಾರೆ, ಸ್ವಲ್ಪ ಹೊತ್ತಿನಲ್ಲಿ ಕೆಲವರಿಗೆ ಎರಡು ಮೂರು ಜೋಡಿಗಳು ಮನಸ್ಸಿನಲ್ಲಿ ಕೂತು ವೇಗ ಹೆಚ್ಚುತ್ತದೆ, ಇನ್ನು ಕೆಲವರ ಕಣ್ಣು ಕೊನೆಯ ಸೆಕೆಂಡಿನವರೆಗೂ ಮೇಲಕ್ಕೂ ಕೆಳಕ್ಕೂ ಅಲೆಯುತ್ತಲೇ ಇರುತ್ತದೆ. ಬಾಯಲ್ಲಿ ಹೇಳುವುದರಿಂದ ಕೈನಡುಕ ಅಡ್ಡಿಯಾಗುವುದಿಲ್ಲ. ಆದರೆ ಕಣ್ಣಿನ ನರದ ಉರಿಯೂತದಿಂದ ದೃಷ್ಟಿ ಕುಂದಿದವರಿಗೆ ಅಥವಾ ಮಾತು ತೊದಲುವವರಿಗೆ ಇದರ ಅಂಕ ನ್ಯಾಯವಾದುದಲ್ಲ, ಅದನ್ನು ಪರೀಕ್ಷೆಗೆ ಮೊದಲೇ ಹೇಳಬೇಕು. 2018ರಲ್ಲಿ ಪ್ರಕಟವಾದ ತಜ್ಞರ ಶಿಫಾರಸುಗಳ ಪ್ರಕಾರ ರೋಗ ಸ್ಥಿರವಾಗಿರುವಾಗ ಆರಂಭದ ಅಂಕವೊಂದನ್ನು ದಾಖಲಿಸಿ, ಆ ಬಳಿಕ ವರ್ಷಕ್ಕೊಮ್ಮೆಯಾದರೂ ಇದನ್ನು ಅಥವಾ ಇಂತಹುದೇ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಸುಮಾರು 4 ಅಂಕಗಳ ಇಳಿಕೆಯನ್ನು ಗಮನಿಸಬೇಕಾದ ಬದಲಾವಣೆಯೆಂದು ಪರಿಗಣಿಸುತ್ತಾರೆ.

ಎಸ್‌ಡಿಎಂಟಿಯ ಮಿತಿ ಎಂದರೆ ಅದು ಮುಖ್ಯವಾಗಿ ವೇಗವನ್ನು ಹಿಡಿಯುತ್ತದೆ, ನೆನಪನ್ನು ಅಷ್ಟಾಗಿ ಹಿಡಿಯುವುದಿಲ್ಲ. "ಕೇಳಿದ್ದು ನಿಲ್ಲುತ್ತಿಲ್ಲ" ಎಂಬುದೇ ಮುಖ್ಯ ದೂರಾಗಿದ್ದರೆ 2012ರಲ್ಲಿ ರೂಪುಗೊಂಡ ಬೈಕ್ಯಾಮ್ಸ್ ಮೇಲು. ಸುಮಾರು 15 ನಿಮಿಷಗಳ ಈ ಪರೀಕ್ಷೆಯಲ್ಲಿ ಎಸ್‌ಡಿಎಂಟಿಯ ಜೊತೆಗೆ ಪದಗಳ ಪಟ್ಟಿಯೊಂದನ್ನು ಕೇಳಿ ಕಲಿಯುವ ಭಾಗವೂ ಚಿತ್ರಾಕೃತಿಗಳನ್ನು ನೋಡಿ ನೆನಪಿನಿಂದ ಬರೆಯುವ ಭಾಗವೂ ಸೇರಿವೆ. ಪದಪಟ್ಟಿಯ ಭಾಗವನ್ನು ತಮ್ಮ ನಿತ್ಯದ ಭಾಷೆಯಲ್ಲಿಯೇ ಮಾಡಿಸಿಕೊಳ್ಳಬೇಕು, ಅರೆಬರೆ ಬಲ್ಲ ಭಾಷೆಯಲ್ಲಿ ಬರುವ ಕಡಿಮೆ ಅಂಕ ಮಿದುಳಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಸುಮಾರು 90 ನಿಮಿಷ ಹಿಡಿಯುವ ಮ್ಯಾಕ್‌ಫಿಮ್ಸ್‌ನಂತಹ ವಿಸ್ತೃತ ಪರೀಕ್ಷೆ ಎಲ್ಲರಿಗೂ ಬೇಕಿಲ್ಲ. ಉದ್ಯೋಗದಲ್ಲಿ ಹೊಣೆ ಬದಲಿಸಬೇಕಾದಾಗ, ಅಂಗವೈಕಲ್ಯದ ಸೌಲಭ್ಯ ಕೇಳಬೇಕಾದಾಗ, ವಾಹನ ಚಾಲನೆಯ ಪ್ರಶ್ನೆ ಎದ್ದಾಗ, ಅಥವಾ ಚಿಕ್ಕ ಪರೀಕ್ಷೆಯ ಫಲಿತಾಂಶವೂ ದಿನನಿತ್ಯದ ಅನುಭವವೂ ಒಂದಕ್ಕೊಂದು ತಾಳೆಯಾಗದಿದ್ದಾಗ ನರಮನೋವಿಜ್ಞಾನಿಯ ಬಳಿ ಅದನ್ನು ಮಾಡಿಸುವುದು ಸಾರ್ಥಕ. ಡಿಮೆನ್ಷಿಯಾ, ಅಂದರೆ ಮರೆಗುಳಿತನದ ಕಾಯಿಲೆ ಗುರುತಿಸಲು ಬಹುಕಾಲದಿಂದ ಬಳಸುತ್ತಿರುವ ಎಂಎಂಎಸ್‌ಇ ಇಲ್ಲಿ ಪ್ರಯೋಜನಕ್ಕೆ ಬಾರದು: ವೇಗ ಕುಂದಿದವರು ಅದರಲ್ಲಿ ಪೂರ್ಣ ಅಂಕ ಪಡೆದು "ನಿಮಗೇನೂ ಆಗಿಲ್ಲ" ಎಂಬ ಮಾತು ಕೇಳಿ ಹಿಂದಿರುಗಬೇಕಾಗುತ್ತದೆ. ಆ ಮಾತು ಮಾಡುವ ಗಾಯ ಚಿಕ್ಕದಲ್ಲ.

ಇನ್ನೊಂದು ಆಯ್ಕೆ ಪ್ರಶ್ನಾವಳಿ. 15 ಪ್ರಶ್ನೆಗಳ ಎಂಎಸ್‌ಎನ್‌ಕ್ಯೂ ಎಂಬುದನ್ನು ರೋಗಿಯೂ ಅವರನ್ನು ಹತ್ತಿರದಿಂದ ಬಲ್ಲವರೂ ಬೇರೆ ಬೇರೆಯಾಗಿ ತುಂಬುತ್ತಾರೆ. ಇದರಲ್ಲಿ ಕುತೂಹಲಕರ ಸಂಗತಿಯೊಂದಿದೆ: ರೋಗಿ ತಾವೇ ಕೊಟ್ಟ ಉತ್ತರಗಳು ಪರೀಕ್ಷೆಯ ಅಂಕಗಳಿಗಿಂತ ಅವರ ಖಿನ್ನತೆಯ ಮಟ್ಟಕ್ಕೆ ಹೆಚ್ಚು ಹೊಂದುತ್ತವೆ, ಹತ್ತಿರದವರ ಉತ್ತರಗಳು ಪರೀಕ್ಷೆಯ ಅಂಕಗಳಿಗೆ ಹೆಚ್ಚು ಹೊಂದುತ್ತವೆ. ಇದರಿಂದ ರೋಗಿಯ ಮಾತು ಸುಳ್ಳೆಂದು ಆಗುವುದಿಲ್ಲ. ಅಂಕ ಚೆನ್ನಾಗಿದ್ದು ದೂರು ತೀವ್ರವಾಗಿದ್ದರೆ ಮೊದಲು ಮನಸ್ಸಿನ ಭಾರವನ್ನು ಇಳಿಸಬೇಕು; ಅಂಕ ಕುಸಿದಿದ್ದೂ ರೋಗಿಗೆ ಅದರ ಅರಿವೇ ಇಲ್ಲದಿದ್ದರೆ ಮನೆಯವರನ್ನು ಸೇರಿಸಿಕೊಂಡೇ ಮುಂದಿನ ಹೆಜ್ಜೆ ಇಡಬೇಕು.

ಯಾವ ಪರೀಕ್ಷೆಯನ್ನು ಆರಿಸಿದರೂ ಅದನ್ನು ವರ್ಷ ವರ್ಷವೂ ಒಂದೇ ಹೊತ್ತಿನಲ್ಲಿ ಮಾಡಿಸುವುದು ಒಳಿತು. ಮೈ ಬಿಸಿಯೇರಿದಾಗ ನರಸಂಕೇತಗಳು ಇನ್ನಷ್ಟು ನಿಧಾನವಾಗುವ ಈ ರೋಗದಲ್ಲಿ, ಒಂದು ವರ್ಷ ತಂಪಾದ ಬೆಳಗಿನಲ್ಲೂ ಮುಂದಿನ ವರ್ಷ ಸುಡುವ ಮಧ್ಯಾಹ್ನದಲ್ಲೂ ಪಡೆದ ಅಂಕಗಳನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ. ಕೆಲವು ವಾರಗಳಲ್ಲಿಯೇ ಅಂಕ ಗಣನೀಯವಾಗಿ ಇಳಿದಿದ್ದರೆ ಅದು ಕೈಕಾಲಿನ ಯಾವ ಲಕ್ಷಣವೂ ಇಲ್ಲದೆ ಬಂದ ಮರುಕಳಿಕೆಯೂ ಆಗಿರಬಹುದು. ಅಂತಹ ಸಂದರ್ಭದಲ್ಲಿ ನರವೈದ್ಯರನ್ನು ಕಾಣುವುದನ್ನು ಮುಂದೂಡಬಾರದು.

ತರಬೇತಿ: ಕಂಪ್ಯೂಟರ್, ಕಥೆ, ದಿನಚರಿ

ಅರಿವಿನ ಪುನಶ್ಚೇತನದಲ್ಲಿ ಎರಡು ಸಿದ್ಧಾಂತಗಳಿವೆ. ಕುಂದಿದ ಸಾಮರ್ಥ್ಯವನ್ನೇ ಅಭ್ಯಾಸದಿಂದ ಮೇಲೆತ್ತುವುದು ಒಂದು. ಸಾಮರ್ಥ್ಯ ಇದ್ದಷ್ಟೇ ಇರಲಿ, ಅದರ ಸುತ್ತ ಬೇರೆ ದಾರಿ ಮಾಡಿಕೊಳ್ಳೋಣ ಎನ್ನುವುದು ಇನ್ನೊಂದು.

ಮೊದಲನೆಯದಕ್ಕೆ ಕಂಪ್ಯೂಟರ್ ತರಬೇತಿ ಉದಾಹರಣೆ. ಸಾಧಿಸಿದಂತೆಲ್ಲ ಕಷ್ಟ ಹೆಚ್ಚಿಸುತ್ತ ಹೋಗುವ ಇಂತಹ ಕಾರ್ಯಕ್ರಮವೊಂದನ್ನು 135 ಜನರ ಮೇಲೆ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನೆಯಲ್ಲಿಯೇ ಕುಳಿತು 12 ವಾರ ಅಭ್ಯಾಸ ಮಾಡಿದವರ ಪರೀಕ್ಷಾ ಅಂಕಗಳು ಸಾಮಾನ್ಯ ಕಂಪ್ಯೂಟರ್ ಆಟಗಳನ್ನು ಆಡಿದವರಿಗಿಂತ ಹೆಚ್ಚು ಸುಧಾರಿಸಿದವು. ಮನೆಯಿಂದ ಹೊರಗೆ ಹೋಗಲಾಗದವರಿಗೆ ಇದು ದೊಡ್ಡ ಅನುಕೂಲ. ಆದರೆ ವಾರಕ್ಕೆ ಐದು ದಿನ, ದಿನಕ್ಕೆ ಒಂದು ಗಂಟೆ ಎಂಬುದು ಆಯಾಸದಿಂದ ಬಳಲುವವರಿಗೆ ಸಣ್ಣ ಬೆಲೆಯಲ್ಲ, ಮತ್ತು ಪರದೆಯ ಮೇಲೆ ಗಳಿಸಿದ ವೇಗ ಸಂಭಾಷಣೆಗೂ ಕಚೇರಿಗೂ ಎಷ್ಟರ ಮಟ್ಟಿಗೆ ಹರಿದುಬರುತ್ತದೆ ಎಂಬುದೇ ಈ ಬಗೆಯ ತರಬೇತಿಯ ದುರ್ಬಲ ಸ್ಥಳ. ಹಂತ ಹಂತವಾಗಿ ಹೊಂದಿಕೊಳ್ಳದ, ಎಲ್ಲರಿಗೂ ಒಂದೇ ಬಗೆಯ "ಮಿದುಳಿನ ಆಟ"ಗಳಿಗೆ ಸಮಯ ಕೊಡುವುದನ್ನು ನಾನು ಸೂಚಿಸಲಾರೆ.

ನೆನಪಿನ ದೂರಿಗೆ ಕಥಾ ವಿಧಾನವು ಗಟ್ಟಿಯಾದ ಆಯ್ಕೆ. ಎಂಎಸ್‌ನಲ್ಲಿ ಮರೆವು ಎನ್ನುವುದು ಹೆಚ್ಚಾಗಿ ಕಲಿಯುವ ಹಂತದ ತೊಂದರೆ. ವಿಷಯ ಮೊದಲ ಸಲಕ್ಕೇ ಸರಿಯಾಗಿ ಒಳಗೆ ಇಳಿದಿರುವುದಿಲ್ಲ. ಒಮ್ಮೆ ಚೆನ್ನಾಗಿ ಇಳಿದರೆ ಅದು ಬಹುಮಟ್ಟಿಗೆ ಉಳಿಯುತ್ತದೆ. ಆದ್ದರಿಂದ ಈ ವಿಧಾನದಲ್ಲಿ, ನೆನಪಿಡಬೇಕಾದದ್ದನ್ನು ಮನಸ್ಸಿನಲ್ಲಿ ಚಿತ್ರವಾಗಿ ಕಾಣುವುದನ್ನು ಮೊದಲ ನಾಲ್ಕು ಭೇಟಿಗಳಲ್ಲಿ ಕಲಿಸುತ್ತಾರೆ, ಬಿಡಿ ಬಿಡಿ ವಿಷಯಗಳನ್ನು ಕಥೆಯಾಗಿ ಹೆಣೆಯುವುದನ್ನು ಮುಂದಿನ ನಾಲ್ಕರಲ್ಲಿ, ಇವೆರಡನ್ನೂ ನಿತ್ಯದ ಕೆಲಸಗಳಿಗೆ ಅನ್ವಯಿಸುವುದನ್ನು ಕೊನೆಯ ಎರಡರಲ್ಲಿ. ಕೊರಿಯರ್‌ಗೆ ಒಂದು ಲಕೋಟೆ ಕೊಡಬೇಕು, ತಂಗಿಗೆ ಫೋನ್ ಮಾಡಬೇಕು, ಕನ್ನಡಕ ಸರಿಪಡಿಸಿಕೊಳ್ಳಬೇಕು ಎಂಬ ಮೂರು ಕೆಲಸಗಳಿದ್ದರೆ, ಒಡೆದ ಕನ್ನಡಕ ಹಾಕಿಕೊಂಡ ತಂಗಿ ಲಕೋಟೆಯ ಮೇಲಿನ ವಿಳಾಸ ಓದಲು ಹೆಣಗುತ್ತಿರುವ ಚಿತ್ರವೊಂದನ್ನು ಮನಸ್ಸಿನಲ್ಲಿ ಕಟ್ಟಿಕೊಂಡರೆ ಮೂರೂ ಒಟ್ಟಿಗೆ ಬರುತ್ತವೆ. 2013ರಲ್ಲಿ ಪ್ರಕಟವಾದ, 86 ಜನರನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ಹಂಚಿ ಹೋಲಿಸಿದ ಅಧ್ಯಯನದಲ್ಲಿ ಐದು ವಾರಗಳ ಈ ತರಬೇತಿಯಿಂದ ಕಲಿಕೆ ಸುಧಾರಿಸಿತು. ಕಂಪ್ಯೂಟರ್ ತರಬೇತಿಗೆ ಹೋಲಿಸಿದರೆ ಹತ್ತೇ ಭೇಟಿಗಳು, ನಂತರ ಯಾವ ಸಲಕರಣೆಯೂ ಬೇಡ. ಆದರೆ ಮುಖ್ಯ ತೊಂದರೆ ವೇಗದ್ದೇ ಆಗಿರುವವರಿಗೆ ಇದರಿಂದ ಅಷ್ಟು ಲಾಭವಿಲ್ಲ.

ಎರಡನೆಯ ಸಿದ್ಧಾಂತದ ಉಪಾಯಗಳು ಸರಳವಾಗಿ ಕಾಣುತ್ತವೆ: ಒಂದೇ ದಿನಚರಿ ಪುಸ್ತಕ, ಫೋನಿನ ಎಚ್ಚರಿಕೆ ಗಂಟೆ, ಬೀಗದ ಕೈಗೆ ಒಂದೇ ಜಾಗ, ಮುಖ್ಯ ಕೆಲಸಗಳನ್ನು ತಲೆ ಹಗುರವಾಗಿರುವ ಹೊತ್ತಿಗೆ ಇಟ್ಟುಕೊಳ್ಳುವುದು. ಇವು ಸೋಲುವುದು ಬಹಳ ಮಟ್ಟಿಗೆ ಒಂದೇ ಸಲಕ್ಕೆ ಹತ್ತನ್ನು ಹಿಡಿಯುವುದರಿಂದ. ಅಲ್ಲಲ್ಲಿ ಅಂಟಿಸಿದ ಚೀಟಿಗಳು ಮೂರನೆಯ ದಿನಕ್ಕೆ ಗೋಡೆಯ ಭಾಗವಾಗಿಬಿಡುತ್ತವೆ, ಕಣ್ಣು ಅವುಗಳನ್ನು ಕಾಣುವುದನ್ನೇ ನಿಲ್ಲಿಸುತ್ತದೆ. ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ಕಲಿಸುವ ಔದ್ಯೋಗಿಕ ಚಿಕಿತ್ಸಕರ ನೆರವಿನಿಂದ ಒಂದು ಅಭ್ಯಾಸವನ್ನು ಬೇರೂರಿಸಿದ ಮೇಲೆ ಇನ್ನೊಂದನ್ನು ಸೇರಿಸುವುದು ಬಾಳಿಕೆ ಬರುವ ಕ್ರಮ. ಬ್ರಿಟನ್ನಿನಲ್ಲಿ 449 ಜನರ ಮೇಲೆ ನಡೆದ ಕ್ರ್ಯಾಮ್ಸ್ ಅಧ್ಯಯನವು ಗಮನ ಮತ್ತು ನೆನಪಿನ ಕುರಿತ ಹತ್ತು ವಾರಗಳ ಗುಂಪು ತರಬೇತಿಯನ್ನು ಪರೀಕ್ಷಿಸಿತು. ಒಂದು ವರ್ಷದ ಬಳಿಕ, ರೋಗ ಮನಸ್ಸಿನ ಮೇಲೆ ಬೀರುವ ಪ್ರಭಾವವೆಂಬ ಮುಖ್ಯ ಅಳತೆಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ; ದೈನಂದಿನ ಮರೆವಿನಲ್ಲಿಯೂ ಮನಸ್ಥಿತಿಯಲ್ಲಿಯೂ ಸಣ್ಣ ಸುಧಾರಣೆಗಳು ಕಂಡವು. ಗುಂಪು ತರಬೇತಿಗೆ ಸೇರುವವರು ಇದನ್ನು ತಿಳಿದೇ ಸೇರಬೇಕೆಂಬುದು ನನ್ನ ಆಗ್ರಹ: ದೊಡ್ಡ ತಿರುವನ್ನು ನಿರೀಕ್ಷಿಸಿ ಹೋದವರು ಸಿಕ್ಕಿದ ಸಣ್ಣ ಲಾಭವನ್ನೂ ಸೋಲೆಂದೇ ಎಣಿಸುತ್ತಾರೆ.

ವ್ಯಾಯಾಮ, ಮನೋಚಿಕಿತ್ಸೆ, ಔಷಧಿ

ವ್ಯಾಯಾಮದಿಂದ ನಡಿಗೆ, ಆಯಾಸ ಮತ್ತು ಮನಸ್ಥಿತಿಗೆ ಒಳಿತಾಗುತ್ತದೆ. ಆ ಕಾರಣಕ್ಕಾಗಿಯೇ ಅದನ್ನು ಆರಿಸಿಕೊಳ್ಳಬಹುದು. ಅರಿವಿಗಾಗಿ ಮಾತ್ರವೇ ಆರಿಸುವುದಾದರೆ ಪುರಾವೆ ಅಷ್ಟು ಬಲವಾಗಿಲ್ಲ. ಆರು ದೇಶಗಳಲ್ಲಿ, ಬೆಳೆಯುತ್ತ ಹೋಗುವ ಬಗೆಯ ಎಂಎಸ್ ಇರುವ 311 ಜನರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಕಾಗ್‌ಎಕ್ಸ್ ಅಧ್ಯಯನದಲ್ಲಿ ಕಂಪ್ಯೂಟರ್ ತರಬೇತಿ ಮತ್ತು ಏರೋಬಿಕ್ ವ್ಯಾಯಾಮಗಳನ್ನು 12 ವಾರ ಒಟ್ಟುಗೂಡಿಸಿ ಕೊಟ್ಟರೂ, ಅವುಗಳಲ್ಲಿ ಒಂದನ್ನೇ ಅಥವಾ ತೋರಿಕೆಯ ಚಿಕಿತ್ಸೆಯನ್ನು ಪಡೆದವರಿಗಿಂತ ಎಸ್‌ಡಿಎಂಟಿ ಅಂಕ ಹೆಚ್ಚಲಿಲ್ಲ. ಎರಡನ್ನೂ ಮಾಡಲೇಬೇಕೆಂದು ದಣಿದ ದೇಹವನ್ನು ಒತ್ತಾಯಿಸುವ ಅಗತ್ಯವಿಲ್ಲ ಎಂದೇ ನಾನು ಇದನ್ನು ಓದುತ್ತೇನೆ.

ಖಿನ್ನತೆ ಅಥವಾ ಆತಂಕ ಎದ್ದು ಕಾಣುವಾಗ ಅರಿವಿನ ವರ್ತನಾ ಚಿಕಿತ್ಸೆ, ಅಂದರೆ ಸಿಬಿಟಿ, ಮೊದಲ ಆಯ್ಕೆಗಳಲ್ಲೊಂದು. ಫೋನ್ ಮೂಲಕ ಕೊಟ್ಟಾಗಲೂ ಅದು ಎಂಎಸ್ ಇರುವವರ ಖಿನ್ನತೆಯನ್ನು ತಗ್ಗಿಸಿದೆ. ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣದ ಮೇಲೆ ಗಮನವಿಡುವ ಅಭ್ಯಾಸ ಆಧಾರಿತ ಚಿಕಿತ್ಸೆಯು ಒತ್ತಡ ಮತ್ತು ಆತಂಕಕ್ಕೆ ನೆರವಾಗುತ್ತದೆ. ಅಂಕ ಏರದಿದ್ದರೂ ಮರೆವಿನ ಬಗೆಗಿನ ಭಯ ಇಳಿದರೆ ಬದುಕಿನ ನೆಮ್ಮದಿ ಹೆಚ್ಚುತ್ತದೆ, ಮತ್ತು ಆ ನೆಮ್ಮದಿಯನ್ನು ಎರಡನೆಯ ದರ್ಜೆಯ ಫಲವೆಂದು ನೋಡುವುದು ತಪ್ಪು. ಖಿನ್ನತೆ ತೀವ್ರವಾಗಿದ್ದು ಬದುಕು ಬೇಡವೆಂಬ ಯೋಚನೆಗಳು ಬರುತ್ತಿದ್ದರೆ ಈ ಮಾರ್ಗದರ್ಶಿಯನ್ನು ಬದಿಗಿಟ್ಟು ಅಂದೇ ವೈದ್ಯರನ್ನು ಕಾಣಬೇಕು.

ನೆನಪಿನ ಮಾತ್ರೆಗಳ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಡಿಮೆನ್ಷಿಯಾಕ್ಕೆ ಕೊಡುವ ಡೊನೆಪೆಜಿಲ್ 2004ರ ಚಿಕ್ಕ ಅಧ್ಯಯನವೊಂದರಲ್ಲಿ ಆಸೆ ಹುಟ್ಟಿಸಿತ್ತು. 2011ರಲ್ಲಿ ಪ್ರಕಟವಾದ ಅದಕ್ಕಿಂತ ದೊಡ್ಡ ಅಧ್ಯಯನದಲ್ಲಿ ಪ್ಲಸೀಬೊ, ಅಂದರೆ ಔಷಧಿಯಿಲ್ಲದ ತೋರಿಕೆಯ ಮಾತ್ರೆಗಿಂತ ಮೇಲಾಗಲಿಲ್ಲ. ಮೆಮಂಟೀನ್ ಮತ್ತು ಗಿಂಕೊ ಕೂಡ ಫಲ ಕೊಡಲಿಲ್ಲ. ಆಯಾಸಕ್ಕೆ ಕೊಡುವ ಅಮ್ಯಾಂಟಡೀನ್, ಮೊಡಾಫಿನಿಲ್ ಮತ್ತು ಮಿಥೈಲ್‌ಫೆನಿಡೇಟ್‌ಗಳನ್ನು 141 ಜನರ ಮೇಲೆ ಪರೀಕ್ಷಿಸಿದ 2021ರ ಅಧ್ಯಯನದಲ್ಲಿ ಮೂರೂ ಪ್ಲಸೀಬೊಗಿಂತ ಉತ್ತಮವಾಗಿರಲಿಲ್ಲ, ಅಡ್ಡಪರಿಣಾಮಗಳು ಮಾತ್ರ ಹೆಚ್ಚಿದ್ದವು. ರೋಗದ ಗತಿಯನ್ನೇ ತಡೆಯುವ ಔಷಧಿಗಳ ಸ್ಥಾನ ಬೇರೆ: ಅವು ಕಳೆದುಹೋದ ವೇಗವನ್ನು ದೊಡ್ಡ ಪ್ರಮಾಣದಲ್ಲಿ ಹಿಂದಿರುಗಿಸದಿದ್ದರೂ ಹೊಸ ಗಾಯಗಳನ್ನು ತಡೆಯುತ್ತವೆ, ಆದ್ದರಿಂದ ತರಬೇತಿಗೆ ಸೇರಿದ್ದೇವೆಂದು ಅವುಗಳನ್ನು ಬಿಡುವ ಮಾತೇ ಇಲ್ಲ. ಧೂಮಪಾನ ಬಿಡುವುದೂ ರಕ್ತದೊತ್ತಡವನ್ನು ಹತೋಟಿಯಲ್ಲಿ ಇಡುವುದೂ ಅದೇ ಸಾಲಿಗೆ ಸೇರುತ್ತವೆ.

ಆರಿಸಿದ ಮೇಲೆ

ಎದ್ದು ಕಾಣುವ ತೊಂದರೆ ಮರೆವಾಗಿದ್ದರೆ ಬೈಕ್ಯಾಮ್ಸ್ ಪರೀಕ್ಷೆ, ಬಳಿಕ ಕಥಾ ವಿಧಾನ ಮತ್ತು ಒಂದೇ ಒಂದು ದಿನಚರಿ. ವೇಗದ ಕೊರತೆಯಾಗಿದ್ದರೆ ಎಸ್‌ಡಿಎಂಟಿ, ಶಕ್ತಿಯಿದ್ದರೆ ಹಂತ ಹಂತದ ಕಂಪ್ಯೂಟರ್ ತರಬೇತಿ, ಅದರ ಜೊತೆಗೆ ಕಚೇರಿಯಲ್ಲಿ ಹೆಚ್ಚಿನ ಸಮಯ, ಲಿಖಿತ ಸೂಚನೆಗಳು ಮತ್ತು ಒಮ್ಮೆಗೆ ಒಂದೇ ಕೆಲಸ ಎಂಬ ಮೂರು ಬೇಡಿಕೆಗಳು. ಮಧ್ಯಾಹ್ನದ ಮಂಜಾಗಿದ್ದರೆ ನಿದ್ದೆ, ಮಾತ್ರೆಗಳು ಮತ್ತು ಶಕ್ತಿಯ ಹಂಚಿಕೆ. ಮನಸ್ಸಿನ ಭಾರವಾಗಿದ್ದರೆ ಸಿಬಿಟಿ ಅಥವಾ ಖಿನ್ನತೆಯ ಔಷಧಿ. ಎರಡು ತೊಂದರೆಗಳು ಬೆರೆತಿದ್ದರೆ, ಹೆಚ್ಚಾಗಿ ಬೆರೆತೇ ಇರುತ್ತವೆ, ನಾನು ಮನಸ್ಸು ಮತ್ತು ನಿದ್ದೆಯಿಂದ ಆರಂಭಿಸಲು ಹೇಳುತ್ತೇನೆ, ಏಕೆಂದರೆ ಅಲ್ಲಿ ಬರುವ ಸುಧಾರಣೆ ಉಳಿದ ಎಲ್ಲ ತರಬೇತಿಗೂ ಬೇಕಾದ ಬಲವನ್ನು ಕೊಡುತ್ತದೆ.

ಆರಂಭಿಸುವ ದಿನವೇ ಕೈಕೊಡುತ್ತಿರುವ ಒಂದು ಕೆಲಸವನ್ನು ಅಂಕಿಸಂಖ್ಯೆ ಸಹಿತ ಬರೆದಿಟ್ಟುಕೊಳ್ಳಬೇಕು: ವಾರದಲ್ಲಿ ಎಷ್ಟು ಸಲ ಮಾತ್ರೆ ತಪ್ಪಿತು, ಒಂದು ಇಮೇಲ್‌ಗೆ ಉತ್ತರಿಸಲು ಎಷ್ಟು ನಿಮಿಷ ಹಿಡಿಯಿತು. 12 ವಾರಗಳ ಬಳಿಕ ಅದೇ ಕೆಲಸವನ್ನು ಅದೇ ರೀತಿ ಎಣಿಸಬೇಕು. ಬದಲಾವಣೆ ಇಲ್ಲದಿದ್ದರೆ ಉಪಾಯವನ್ನು ಬದಲಿಸಬೇಕು, ಪ್ರಯತ್ನ ಸಾಲಲಿಲ್ಲವೆಂದು ತಮ್ಮನ್ನು ದೂಷಿಸಿಕೊಳ್ಳಬೇಕಿಲ್ಲ.

ಮನೆಯವರ ಪಾಲಿಗೂ ಒಂದು ಆಯ್ಕೆಯಿದೆ, ಅದಕ್ಕೆ 12 ವಾರ ಕಾಯಬೇಕಾಗಿಲ್ಲ. ಮಾತನಾಡುವಾಗ ಟಿವಿ ನಿಲ್ಲಿಸುವುದು, ಒಬ್ಬರಾದ ಮೇಲೆ ಒಬ್ಬರು ಮಾತನಾಡುವುದು, ಪ್ರಶ್ನೆ ಕೇಳಿದ ಮೇಲೆ ಉತ್ತರ ಬರುವವರೆಗೆ ಇನ್ನೊಂದು ಪ್ರಶ್ನೆ ಹಾಕದಿರುವುದು, ಅವರ ವಾಕ್ಯವನ್ನು ತಾವು ಮುಗಿಸಿಕೊಡದಿರುವುದು. ಐದಾರು ಸೆಕೆಂಡುಗಳ ಮೌನವನ್ನು ತಡೆದುಕೊಂಡರೆ, ನಾಲ್ಕು ಜನರ ನಡುವೆ ಸುಮ್ಮನಾಗಿದ್ದವರು ಮತ್ತೆ ಮಾತಿಗೆ ಸೇರುತ್ತಾರೆ.